ಹುದ್ದೆ ಇಳಿದಂತೆ ಏರುವ ಹೃದ್ರೋಗ

ಲಂಡನ್ನಿನ ಸರ್ಕಾರಿ ಕಚೇರಿಗಳ ಸುಮಾರು 18,000 ಪುರುಷ ನೌಕರರನ್ನು 1967ರಿಂದ ವರ್ಷಗಟ್ಟಲೆ ಗಮನಿಸಿದ ವೈಟ್‌ಹಾಲ್ ಅಧ್ಯಯನ ಕಂಡುಕೊಂಡದ್ದು ಇದು: ಹೃದ್ರೋಗದ ಸಾವು ಉನ್ನತ ಅಧಿಕಾರಿಗಳಿಗಿಂತ ಜವಾನರಂಥ ಕೆಳಹಂತದವರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು. ಇವರ‍್ಯಾರೂ ನಿರುದ್ಯೋಗಿಗಳಲ್ಲ, 1948ರಿಂದಲೇ ಅಲ್ಲಿ ಸರ್ಕಾರಿ ಆರೋಗ್ಯ ಸೇವೆ ಎಲ್ಲರಿಗೂ ಇತ್ತು. ಅಂತರ ತೀರಾ ಕೆಳಗಿನವರಲ್ಲಿ ಮಾತ್ರವೂ ಅಲ್ಲ, ಹುದ್ದೆ ಒಂದೊಂದು ಮೆಟ್ಟಿಲು ಇಳಿದಂತೆಲ್ಲ ಅಪಾಯ ಏರುತ್ತಿತ್ತು.

ಕೆಳಗಿನವರು ಹೆಚ್ಚು ಸಿಗರೇಟು ಸೇದುತ್ತಿದ್ದರು, ತಪ್ಪು ಅವರದೇ ಎನ್ನಬಹುದು. ಸೇದುತ್ತಿದ್ದರು, ನಿಜ. ಆದರೆ ಧೂಮಪಾನ, ರಕ್ತದೊತ್ತಡ, ಕೊಲೆಸ್ಟರಾಲ್ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದರೂ ಅಂತರದ ಅರ್ಧಕ್ಕಿಂತ ಹೆಚ್ಚು ಭಾಗ ಹಾಗೇ ಉಳಿಯಿತು. 1985ರಲ್ಲಿ ಶುರುವಾದ ಎರಡನೇ ಅಧ್ಯಯನದಲ್ಲಿ ಒಂದು ಸುಳಿವು ಸಿಕ್ಕಿತು: ಮಾಡುವ ಕೆಲಸದ ಮೇಲೆ ತಮಗೇ ಹಿಡಿತವಿಲ್ಲದವರಲ್ಲಿ ಹೃದ್ರೋಗ ಹೆಚ್ಚು. ಬರೀ ಆಸ್ಪತ್ರೆ ಕಟ್ಟಿಸಿದರೆ ಸಾಲದು. ಕೆಲಸದ ಜಾಗದ ಸ್ಥಿತಿಗತಿಯೂ ಆರೋಗ್ಯ ನೀತಿಯೊಳಗೆ ಬರಲೇಬೇಕು.