ನಿಮಗಿದು ಗೊತ್ತೆ? ಏದುಸಿರಿನ ಬೆಳ್ಳಿ ಊರು
ಬೊಲಿವಿಯಾದ ಪೊಟೊಸಿ ನಗರ ಆಂಡೀಸ್ ಪರ್ವತಸಾಲಿನಲ್ಲಿ 4,000 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಅಲ್ಲಿ ಒಂದು ಉಸಿರಿಗೆ ದಕ್ಕುವ ಆಮ್ಲಜನಕ, ಸಮುದ್ರಮಟ್ಟದಲ್ಲಿ ಸಿಗುವುದರ ಸುಮಾರು ಶೇ 60ರಷ್ಟು ಮಾತ್ರ. ಹೊಸಬರಿಗೆ ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲೇ ಏದುಸಿರು, ತಲೆನೋವು.

ಇಂಥ ಜಾಗದಲ್ಲಿ ಊರು ಕಟ್ಟಿಸಿದ್ದು ಬೆಳ್ಳಿಯ ಆಸೆ. 1545ರಲ್ಲಿ ಪಕ್ಕದ ಸೆರ್ರೊ ರಿಕೊ ಬೆಟ್ಟದಲ್ಲಿ ಅದಿರು ಸಿಕ್ಕಿತು. ಲಾಭ ಆಗ ಆ ನಾಡನ್ನು ಆಳುತ್ತಿದ್ದ ಸ್ಪೇನಿಗೆ; ಅಗೆಯುವ ಕೆಲಸ ಬಲವಂತದಿಂದ ಎಳೆತಂದ ಸ್ಥಳೀಯರಿಗೆ!

ನೋಡಲೇಬೇಕಾದದ್ದು ಹಳೆಯ ಟಂಕಸಾಲೆ. ಕೆಳಗಿನ ಅಂತಸ್ತಿನಲ್ಲಿ ಹೇಸರಗತ್ತೆಗಳು ಗಾಣದೆತ್ತಿನಂತೆ ಸುತ್ತುತ್ತಿದ್ದವು. ಮೇಲೆ ಮರದ ದೈತ್ಯ ಹಲ್ಲುಚಕ್ರಗಳು ತಿರುಗಿ ಬೆಳ್ಳಿಗಟ್ಟಿ ತೆಳು ಪಟ್ಟಿಯಾಗುತ್ತಿತ್ತು. ಆ ಚಕ್ರಗಳು ಈಗಲೂ ಅಲ್ಲೇ ಇವೆ.

ಗಣಿಯೊಳಗಿನ ಅಧಿದೈವ ‘ಎಲ್ ಟಿಯೊ’ಗೆ ತಲೆಯ ಮೇಲೆ ಕೊಂಬು. ಕಾರ್ಮಿಕರು ಅವನಿಗೆ ಕೋಕಾ ಎಲೆ, ಮದ್ಯ ಅರ್ಪಿಸಿ, ಬಾಯಿಗೆ ಸಿಗರೇಟು ಹಚ್ಚಿಡುತ್ತಾರೆ. ಊರಿನ ತುಂಬ ಚರ್ಚುಗಳಿದ್ದರೂ ಸುರಂಗದಲ್ಲಿ ಇವನದೇ ಆಡಳಿತ.

1987ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪೊಟೊಸಿ, ಬೆಟ್ಟ ಕುಸಿಯುವ ಭೀತಿಯಿಂದ 2014ರಲ್ಲಿ ‘ಅಪಾಯದಲ್ಲಿರುವ ತಾಣ’ಗಳ ಸಾಲಿಗೆ ಬಂತು. ಹೋಗುವವರು ಮೊದಲೆರಡು ದಿನ ನಿಧಾನವಾಗಿ ಓಡಾಡಿ, ನೀರು ಚೆನ್ನಾಗಿ ಕುಡಿಯಿರಿ; ಗಣಿಗೆ ಇಳಿಯುವುದು ಆಮೇಲಿರಲಿ.