ಬಡ್ಡಿರಹಿತ ಬ್ಯಾಂಕಿನ ಬಂಡವಾಳದಲ್ಲಿ ಸಾಲದ ಸ್ಥಾನ

ಯಾವುದೇ ಉದ್ಯಮದ ಬಂಡವಾಳ ರಚನೆಯಲ್ಲಿ ಮಾಲೀಕರ ಸ್ವಂತ ಹಣ ಮತ್ತು ಸಾಲ ಎಂಬ ಎರಡು ಭಾಗಗಳಿರುತ್ತವೆ. ಸಾಮಾನ್ಯ ಬ್ಯಾಂಕು ಅಲ್ಪ ಸ್ವಂತ ಬಂಡವಾಳದ ಆಧಾರದ ಮೇಲೆ ಠೇವಣಿಯೆಂಬ ಭಾರೀ ಸಾಲವನ್ನು ಹೊತ್ತಿರುತ್ತದೆ. ಶರೀಅತ್ ಬಡ್ಡಿಯನ್ನು ನಿಷೇಧಿಸುವುದರಿಂದ, ಕೊಲ್ಲಿ ರಾಷ್ಟ್ರಗಳ ಹಾಗೂ ಮಲೇಷ್ಯಾದ ಇಸ್ಲಾಮಿಕ್ ಬ್ಯಾಂಕುಗಳು ಬಡ್ಡಿಯ ಸಾಲವನ್ನು ಪಡೆಯುವಂತಿಲ್ಲ. ಹಾಗೆಂದು ಅವು ಕೇವಲ ಸ್ವಂತ ಬಂಡವಾಳದಿಂದ ವ್ಯವಹರಿಸುತ್ತವೆ ಎಂದು ಭಾವಿಸುವುದು ಸರಿಯಲ್ಲ.

ಅವುಗಳ ಅಢಾವೆ ಪತ್ರಿಕೆಯಲ್ಲಿ ಗ್ರಾಹಕರ ಹಣವು ಮುಖ್ಯವಾಗಿ ಎರಡು ರೂಪಗಳಲ್ಲಿ ಕಾಣುತ್ತದೆ. ಮೊದಲನೆಯದು ಚಾಲ್ತಿ ಖಾತೆ. ಇದು ಸಾಮಾನ್ಯವಾಗಿ 'ಕರ್ಜ್', ಅಂದರೆ ಬಡ್ಡಿಯಿಲ್ಲದ ಸಾಲ. ಕೇಳಿದಾಗ ಪೂರ್ಣವಾಗಿ ಹಿಂತಿರುಗಿಸತಕ್ಕದ್ದು. ಎರಡನೆಯದು 'ಮುದಾರಬಾ' ತತ್ತ್ವದ ಹೂಡಿಕೆ ಖಾತೆ. ಇದು ಒಬ್ಬನು ಹಣ ಹಾಕಿ, ಇನ್ನೊಬ್ಬನು ದುಡಿಯುವ ಪಾಲುದಾರಿಕೆಯಂತೆ. ಲಾಭವನ್ನು ಮೊದಲೇ ಒಪ್ಪಿದ ಪ್ರಮಾಣದಲ್ಲಿ ಹಂಚಲಾಗುತ್ತದೆ. ಬ್ಯಾಂಕಿನ ನಿರ್ಲಕ್ಷ್ಯ ಅಥವಾ ಕರಾರುಭಂಗವಿಲ್ಲದಿದ್ದಲ್ಲಿ ನಷ್ಟವು ಹಣ ಹಾಕಿದವನದೇ. ಆದರೆ ಷೇರುದಾರನಿಗಿರುವ ಮತದಾನದ ಹಕ್ಕು ಅವನಿಗಿಲ್ಲ. ಹೀಗಾಗಿ ಈ ಹಣವು ಸಾಲವೂ ಅಲ್ಲ, ಷೇರು ಬಂಡವಾಳವೂ ಅಲ್ಲ.

ಒಂದು ಉದಾಹರಣೆ: ಸ್ವಂತ ಬಂಡವಾಳ 10 ಕೋಟಿ, ಚಾಲ್ತಿ ಖಾತೆ 30 ಕೋಟಿ, ಹೂಡಿಕೆ ಖಾತೆ 60 ಕೋಟಿ, ಎಲ್ಲವನ್ನೂ ಒಟ್ಟಾಗಿ ತೊಡಗಿಸಿ 10 ಕೋಟಿ ನಷ್ಟವಾಯಿತೆನ್ನೋಣ. ಸಾಮಾನ್ಯ ಬ್ಯಾಂಕಿನಲ್ಲಿ ಸ್ವಂತ ಬಂಡವಾಳವೆಲ್ಲ ಕರಗುತ್ತದೆ. ಇಲ್ಲಿ 6 ಕೋಟಿ ಹೂಡಿಕೆದಾರರಿಗೆ, 4 ಕೋಟಿ ಷೇರುದಾರರಿಗೆ; ಚಾಲ್ತಿ ಖಾತೆಗೆ ಹಾನಿಯಿಲ್ಲ.

ಇದು ತತ್ತ್ವ. ರೂಢಿಯಲ್ಲಿ, ಪ್ರತಿಫಲ ತಗ್ಗಿದರೆ ಗ್ರಾಹಕರು ಹಣವನ್ನು ಬೇರೆ ಬ್ಯಾಂಕಿಗೆ ಒಯ್ದಾರೆಂಬ ಭಯದಿಂದ, ಬ್ಯಾಂಕುಗಳು ತಮ್ಮ ಲಾಭಾಂಶವನ್ನೇ ಬಿಟ್ಟುಕೊಡುವುದುಂಟು. ಇದಕ್ಕೆಂದೇ ಮೀಸಲು ನಿಧಿಯನ್ನೂ ಇಡುತ್ತವೆ. ಆಗ ಹೂಡಿಕೆ ಖಾತೆಯು ಹೆಚ್ಚು ಕಡಿಮೆ ಸಾಲದಂತೆಯೇ ವರ್ತಿಸುತ್ತದೆ. ಆದುದರಿಂದ ಕ್ವಾಲಾಲಂಪುರದ ಇಸ್ಲಾಮಿಕ್ ಫೈನಾನ್ಷಿಯಲ್ ಸರ್ವಿಸಸ್ ಬೋರ್ಡ್ 2005ರ ಮಾನದಂಡದಲ್ಲಿ, ಹೂಡಿಕೆದಾರರ ಹಣದಿಂದ ಕೊಂಡ ಆಸ್ತಿಯ ಒಂದು ಅಂಶಕ್ಕೂ ಬ್ಯಾಂಕು ಸ್ವಂತ ಬಂಡವಾಳ ಇಡಬೇಕೆಂದು ಸೂಚಿಸಲು ನಿಯಂತ್ರಕರಿಗೆ ಅವಕಾಶ ಕಲ್ಪಿಸಿತು. ಮಲೇಷ್ಯಾದ 2013ರ ಕಾಯಿದೆಯು ಅಸಲಿಗೆ ಖಾತರಿಯುಳ್ಳ ಠೇವಣಿಯನ್ನೂ ಖಾತರಿಯಿಲ್ಲದ ಹೂಡಿಕೆ ಖಾತೆಯನ್ನೂ ಸ್ಪಷ್ಟವಾಗಿ ಬೇರ್ಪಡಿಸಿತು.

ದೀರ್ಘಾವಧಿ ಹಣಕ್ಕೆ 'ಸುಕೂಕ್' ಪತ್ರಗಳಿವೆ. ಅಬುಧಾಬಿ ಇಸ್ಲಾಮಿಕ್ ಬ್ಯಾಂಕು 2012ರಲ್ಲಿ ಮರುಪಾವತಿಗೆ ನಿಗದಿತ ಅವಧಿಯಿಲ್ಲದ 100 ಕೋಟಿ ಡಾಲರ್ ಸುಕೂಕ್ ಹೊರಡಿಸಿತು. ಇದು ಬ್ಯಾಂಕಿನ ಮೊದಲ ಶ್ರೇಣಿಯ ಬಂಡವಾಳದಲ್ಲಿ ಸೇರಿತ್ತು.

ಕೊಲ್ಲಿಯ ಬ್ಯಾಂಕುಗಳ ಸಾಖಪತ್ರವನ್ನು ನೆಚ್ಚುವ ರಫ್ತುದಾರರು, ಅಂತಹ ಬ್ಯಾಂಕಿನ ಅಢಾವೆ ಪತ್ರಿಕೆಯಲ್ಲಿ ಸ್ವಂತ ಬಂಡವಾಳವೆಷ್ಟು, ಹೂಡಿಕೆ ಖಾತೆಗಳೆಷ್ಟು, ನಷ್ಟವನ್ನು ವಾಸ್ತವವಾಗಿ ಹೊರುವವರು ಯಾರು ಎಂಬುದನ್ನು ಪ್ರತ್ಯೇಕವಾಗಿ ಗಮನಿಸುವುದು ಉಚಿತ.