ಕರಲು ಮಣ್ಣು ಕಾಯುವ ಮಾಳಿಗೆ

ನಿಸರ್ಗದಿಂದ ಕಲಿತ ಕಟ್ಟಡ ಎಂದೊಡನೆ ಜಿಂಬಾಬ್ವೆಯ ಹರಾರೆ ನಗರದ ಹೆಸರು ಬರುತ್ತದೆ. 1996ರಲ್ಲಿ ತೆರೆದ ಅಲ್ಲಿನ ಈಸ್ಟ್‌ಗೇಟ್ ಸೆಂಟರ್‌ಗೆ ವಾಸ್ತುಶಿಲ್ಪಿ ಮಿಕ್ ಪಿಯರ್ಸ್ ಗೆದ್ದಲು ಹುತ್ತದ ಗಾಳಿಯಾಟವನ್ನೇ ಮಾದರಿ ಮಾಡಿಕೊಂಡರು. ಬೈಲಹೊಂಗಲ ತಾಲ್ಲೂಕಿನ ದೊಡವಾಡ, ಬೆಳವಡಿ ಕಡೆ ಗೆದ್ದಲಿಗೆ ಅಷ್ಟು ಮರ್ಯಾದೆ ಇಲ್ಲ. ಇಲ್ಲಿ ಅದು ತೊಲೆ ತಿನ್ನುವ ಹುಳ. ಆದರೂ ಈ ಎರೆಸೀಮೆಯ ಮಣ್ಣಿನ ಮಾಳಿಗೆ ಮನೆ ನಿಸರ್ಗಕ್ಕೆ ಹರಾರೆಯ ಕಟ್ಟಡಕ್ಕಿಂತ ಹತ್ತಿರದ್ದು. ಕಿಟಕಿಯಾಚೆ ಹಸಿರು ಕಾಣುವುದರಿಂದ ಮನುಷ್ಯ ನಿಸರ್ಗಕ್ಕೆ ಹತ್ತಿರವಾಗುವುದಿಲ್ಲ. ಮನೆ ಉಳಿಯಬೇಕಾದರೆ ಮಣ್ಣು ಯಾವುದು, ಮಳೆ ಯಾವಾಗ ಎಂಬುದನ್ನು ಮನೆಯವರು ವರ್ಷವರ್ಷವೂ ಅರಿತಿರಬೇಕಾಗುತ್ತದಲ್ಲ, ನಂಟು ಇರುವುದು ಅಲ್ಲಿ.

ಈ ಮಾಳಿಗೆ ಕಟ್ಟುವ ಬಗೆ ಹೀಗೆ: ಕಂಬದ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಸಾಲು ಜಂತಿ, ಜಂತಿಗೆ ಅಡ್ಡ ಹಲಗೆ ಅಥವಾ ಕಟ್ಟಿಗೆ, ಅದರ ಮೇಲೆ ಸೊಪ್ಪು, ಆಮೇಲೆ ತುಳಿದು ಹದ ಮಾಡಿದ ಮಣ್ಣು. ನೀರು ತಡೆಯುವುದು ಕಟ್ಟಕಡೆಯ ಪದರ, ಕರಲು ಮಣ್ಣು. ಹೊಲದ ಎರೆಮಣ್ಣು ಈ ಕೆಲಸಕ್ಕೆ ಬಾರದು. ನೀರು ಕುಡಿದರೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಕರಲಿನಲ್ಲಿ ಸೋಡಿಯಂ ಹೆಚ್ಚು. ಮಳೆ ಬಿದ್ದಾಗ ಅದರ ಜೇಡಿಕಣಗಳು ಬಿಡಿಬಿಡಿಯಾಗಿ ಚದುರಿ ರಂಧ್ರಗಳಲ್ಲಿ ಕೂತು ಮೇಲ್ಮೈಯನ್ನು ಮುಚ್ಚಿಬಿಡುತ್ತವೆ. ಹೊಲದಲ್ಲಿ ನೀರಿಂಗದ ಶಾಪವೆಂದು ರೈತ ಬೈಯುವ ಗುಣವೇ ಮಾಳಿಗೆಯ ಮೇಲೆ ವರ. ಮಿರಗದ ಮಳೆಗೆ ಮುನ್ನ ಆ ಪದರವನ್ನು ಮತ್ತೆ ಹಾಕಿ, ನೀರು ದೋಣಿಯ ಕಡೆ ಹರಿಯುವಂತೆ ಇಳಿಜಾರು ತಿದ್ದಬೇಕು. ಬೆಳೆ ತೆಗೆಯದ ನೆಲಕ್ಕೂ ಕೆಲಸ ಕೊಟ್ಟ ಈ ಜಾಣ್ಮೆ ಯಾವ ವಾಸ್ತುಶಿಲ್ಪಿಯ ಹೆಸರಿನಲ್ಲೂ ದಾಖಲಾಗಿಲ್ಲ.

ಈ ಮಾಳಿಗೆ ಎಲ್ಲೆಡೆಯೂ ನಡೆಯುವುದಿಲ್ಲ ಎಂಬುದೇ ಅದರ ವಿವೇಕಕ್ಕೆ ಸಾಕ್ಷಿ. ಸವದತ್ತಿ ಕಡೆ ವರ್ಷದ ಮಳೆ 600 ಮಿ.ಮೀ. ಆಸುಪಾಸು, ಪಶ್ಚಿಮಕ್ಕೆ ಖಾನಾಪುರದಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು. ಹಾಗಾಗಿ ಕಿತ್ತೂರು ದಾಟಿ ಮಲೆನಾಡಿನ ಸೆರಗಿಗೆ ಹೋದಂತೆ ಚಪ್ಪಟೆ ಮಾಳಿಗೆ ಹಿಂದುಳಿದು ಹಂಚಿನ ಇಳಿಜಾರು ಸೂರು ಬರುತ್ತದೆ. ಮಾಳಿಗೆ ಮನೆಯ ಎರಡಡಿ ದಪ್ಪದ ಗೋಡೆ ಹಗಲ ಬಿಸಿಯನ್ನು ಒಳಕ್ಕೆ ಬಿಡಲು ಗಂಟೆಗಟ್ಟಲೆ ತೆಗೆದುಕೊಳ್ಳುವುದರಿಂದ ಬೇಸಿಗೆಯ ಮಧ್ಯಾಹ್ನ ಪಡಸಾಲೆ ತಂಪಾಗಿರುತ್ತದೆ. ತೆಳು ಕಾಂಕ್ರೀಟ್ ಸೂರು ಸಂಜೆಗೇ ಬಿಸಿಯನ್ನು ಕೋಣೆಗೆ ಇಳಿಸುತ್ತದೆ.

ಇಷ್ಟು ಹೊಗಳಿದ ಮೇಲೆ 2019ರ ಆಗಸ್ಟ್ ಎದುರಿಗೆ ಬಂದು ನಿಲ್ಲುತ್ತದೆ. ಮಲಪ್ರಭೆ ಉಕ್ಕಿದಾಗ ರಾಮದುರ್ಗ ತಾಲ್ಲೂಕಿನ ಹೊಳೆದಂಡೆಯ ಊರುಗಳಲ್ಲಿ ಮಣ್ಣಿನ ಗೋಡೆಗಳು ಕುಸಿದವು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಪರಂಪರೆಯ ಮಾತಾಡಿ ಈ ಆಕ್ಷೇಪವನ್ನು ತಳ್ಳಿಹಾಕುವುದು ಅಪ್ರಾಮಾಣಿಕತೆ. ಮೇಲಿಂದ ಬೀಳುವ ಮಳೆಯನ್ನು ಮಣ್ಣು ತಾಳಬಲ್ಲದು, ಬುಡದಲ್ಲಿ ದಿನಗಟ್ಟಲೆ ನಿಂತ ನೀರನ್ನು ತಾಳಲಾರದು. ಹೊಳೆದಂಡೆಯಲ್ಲಿ ಹಸಿಮಣ್ಣಿನ ಗೋಡೆ ಬೇಡ, ಅಷ್ಟೇ. ಆ ಕಾರಣಕ್ಕೆ ಎತ್ತರದ ಊರುಗಳೂ ಅದನ್ನು ಬಿಡಬೇಕೆಂದಿಲ್ಲ. ಬೆಳಕಿಂಡಿಯೊಂದನ್ನೇ ನಂಬಿದ ಒಳಕೋಣೆ ಕತ್ತಲೆ ಎಂಬುದೂ, ಸಾರಿಸುವ ದುಡಿಮೆ ಹೆಂಗಸರ ಹೆಗಲಿಗೇ ಬೀಳುತ್ತಿತ್ತು ಎಂಬುದೂ ನಿಜ. ಕಿಟಕಿಯನ್ನು ಇಡಬಹುದು, ದುಡಿಮೆಯನ್ನು ಹಂಚಿಕೊಳ್ಳದೆ ಈ ಮನೆಯನ್ನು ಮತ್ತೆ ಬಯಸುವ ಹಕ್ಕು ಗಂಡಸರಿಗಿಲ್ಲ.

ಹಳೆಯದನ್ನು ಇದ್ದಂತೆಯೇ ಕಟ್ಟುವುದಕ್ಕೆ ಈಗ ತೊಲೆಗಳಾದರೂ ಎಲ್ಲಿವೆ? ಗೋಡೆಗಾದರೆ ಹೊಸ ದಾರಿಯಿದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ, ತುಸು ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಯನ್ನು ರೂಢಿಗೆ ತಂದಿತು. ಎರೆಮಣ್ಣೊಂದೇ ಆದರೆ ಅದಕ್ಕೂ ಒಗ್ಗದು; ಮರಳು ಬೆರೆಸಬೇಕು, ಸುಣ್ಣವೂ ಬೇಕಾಗಬಹುದು. ಇನ್ನು ಕಾಂಕ್ರೀಟ್ ಸೂರಿನ ಮೇಲೆಯೇ ಒಂದಡಿ ಮಣ್ಣು ಹರಡಿದರೆ ಸಾಲದೇ ಎನ್ನುವವರಿಗೆ ಲೆಕ್ಕ ಹೀಗಿದೆ: ಆ ಮಣ್ಣಿನ ಭಾರ ಚದರ ಮೀಟರಿಗೆ ಸುಮಾರು 500 ಕಿಲೋ, ಓಡಾಟದ ತಾರಸಿಗೆ ಎಂಜಿನಿಯರ್ ಸಾಮಾನ್ಯವಾಗಿ ಹಿಡಿಯುವ ಹೆಚ್ಚುವರಿ ಭಾರ 150 ಕಿಲೋ. ಅಂದಮೇಲೆ ಕರಲು ಗುರುತಿಸಬಲ್ಲ ಊರಿನವರೂ ಕಬ್ಬಿಣದ ಲೆಕ್ಕ ಬಲ್ಲ ಎಂಜಿನಿಯರೂ ಅಡಿಪಾಯಕ್ಕೆ ಮೊದಲೇ ಒಟ್ಟಿಗೆ ಕೂರಬೇಕು. ಸೂರು ಎದ್ದ ಮೇಲೆ ಕೂತರೆ ಮಣ್ಣು ಕೆಳಗೇ ಉಳಿಯುತ್ತದೆ.